ಪೀರ್ ಸಪೋರ್ಟ್ ವರ್ಕರ್ ಆಗಬೇಕೆನ್ನುವವರಿಗೆ: ನಿಮ್ಮ ಅನುಭವವನ್ನು ಕೆಲಸಕ್ಕೆ ಹದಗೊಳಿಸುವ ದಾರಿ

ಪೀರ್ ಸಪೋರ್ಟ್ ಎಂದರೆ ಮಾನಸಿಕ ಕಾಯಿಲೆಯನ್ನು ಸ್ವತಃ ಅನುಭವಿಸಿ ಚೇತರಿಸಿಕೊಂಡವರು, ಅದೇ ಹಾದಿಯಲ್ಲಿರುವವರಿಗೆ ಜೊತೆಯಾಗುವ ಕೆಲಸ. ಈ ಕೆಲಸಕ್ಕೆ ಬರಬೇಕೆನ್ನುವವರು ಸಾಮಾನ್ಯವಾಗಿ ಮೊದಲು ಕೇಳುವುದು 'ಯಾವ ಕೋರ್ಸ್ ಮಾಡಬೇಕು, ಎಷ್ಟು ಗಂಟೆ, ಸರ್ಟಿಫಿಕೇಟ್ ಯಾರು ಕೊಡ್ತಾರೆ' ಅಂತ. ಅದನ್ನೆಲ್ಲ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ನಾನು ಅವರಿಗೆ ಹಾಕುವ ಪ್ರಶ್ನೆ ಒಂದೇ: ನಿಮ್ಮ ಕಥೆಯನ್ನು ಒಂದು ಸಾಲೂ ಹೇಳದೆ, ಕಷ್ಟದಲ್ಲಿರುವ ಒಬ್ಬರ ಪಕ್ಕ ಅರ್ಧ ಗಂಟೆ ಕೂರಲು ನಿಮ್ಮಿಂದ ಆಗುತ್ತದಾ?

ನಾನು ಬೈಪೋಲಾರ್ ಕಾಯಿಲೆಯ, ಅಂದರೆ ಮನಸ್ಸು ಅತಿಯಾದ ಉತ್ಸಾಹಕ್ಕೂ ಆಳವಾದ ಖಿನ್ನತೆಗೂ ಏರಿಳಿಯುವ ಕಾಯಿಲೆಯ ಜೊತೆ ಬದುಕುತ್ತಿರುವವಳು. ಆಸ್ಪತ್ರೆಯ ವಾರ್ಡನ್ನೂ ಕಂಡಿದ್ದೇನೆ, ಅಲ್ಲಿಂದ ಬಂದಮೇಲಿನ ಉದ್ದನೆಯ ಖಾಲಿ ತಿಂಗಳುಗಳನ್ನೂ ಕಂಡಿದ್ದೇನೆ. ಈಗ ಮಾನಸಿಕ ಆರೋಗ್ಯ ತಂಡವೊಂದರಲ್ಲಿ ಸಂಬಳ ಪಡೆಯುವ ಪೀರ್ ಸಪೋರ್ಟ್ ವರ್ಕರ್. ಹೊಸಬರಿಗೆ ತರಬೇತಿಯನ್ನೂ ಕೊಡುತ್ತೇನೆ. ಈ ಕೆಲಸಕ್ಕೆ ಬಾಗಿಲು ತೆರೆಯುವುದು ನಾವು ಅನುಭವಿಸಿದ ಕಾಯಿಲೆ ಮತ್ತು ಚೇತರಿಕೆ. ಆದರೆ ಪ್ರಮಾಣಪತ್ರ ಸಿಗುವುದು ಕಾಯಿಲೆ ಎಷ್ಟು ದೊಡ್ಡದಾಗಿತ್ತು ಎನ್ನುವುದಕ್ಕಲ್ಲ. ಆ ಅನುಭವವನ್ನು ಯಾವಾಗ ಹೊರಗೆ ತೆಗೆಯಬೇಕು, ಎಷ್ಟು ತೆಗೆಯಬೇಕು, ಯಾವಾಗ ಸುಮ್ಮನಿರಬೇಕು ಎನ್ನುವುದನ್ನು ಕಲಿತದ್ದಕ್ಕೆ.

ಮೊದಲು ಕೆಲಸದ ಸ್ವರೂಪ ತಿಳಿದುಕೊಳ್ಳಿ

ನಾವು ಡಾಕ್ಟರಲ್ಲ, ಆಪ್ತಸಮಾಲೋಚಕರೂ ಅಲ್ಲ. ಕಾಯಿಲೆ ಯಾವುದೆಂದು ಹೇಳುವುದಿಲ್ಲ, ಮಾತ್ರೆ ತಗೊಳ್ಳಿ ಅಥವಾ ಬಿಡಿ ಎನ್ನುವುದಿಲ್ಲ. ಬಹಳ ದಿನಗಳ ಮೇಲೆ ಮೊದಲ ಸಲ ಬಸ್ ಹತ್ತಬೇಕಾದವರ ಜೊತೆ ಹೋಗುತ್ತೇವೆ. ಡಾಕ್ಟರ ಮುಂದೆ ಕೂತಾಗ ಕೇಳಬೇಕಾದ್ದೆಲ್ಲ ಮರೆತುಹೋಗುತ್ತದೆ ಎನ್ನುವವರ ಜೊತೆ ಕೂತು ಮೊದಲೇ ಚೀಟಿ ಬರೆದುಕೊಳ್ಳುತ್ತೇವೆ. ಗುಂಪು ಸಭೆ ನಡೆಸುತ್ತೇವೆ. ನಿಂತುಹೋದ ಓದಿಗೋ ಕೆಲಸಕ್ಕೋ ಮರಳುವ ದಾರಿಯನ್ನು ಜೊತೆಯಲ್ಲೇ ಹುಡುಕುತ್ತೇವೆ. ಇದೆಲ್ಲದರ ತಳದಲ್ಲಿರುವುದು ಒಂದು ವಿಷಯ: ಎದುರಿಗಿರುವವರಿಗೆ 'ಇವರೂ ಇಲ್ಲೇ ಇದ್ದವರು, ಈಗ ಬದುಕು ನಡೆಸುತ್ತಿದ್ದಾರೆ' ಎಂದು ಕಣ್ಣಾರೆ ಕಾಣುವುದು.

ಇದು ಹೊಸ ಆಲೋಚನೆಯೇನಲ್ಲ. 1790ರ ದಶಕದಲ್ಲೇ ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯ ಮೇಲ್ವಿಚಾರಕ ಜಾನ್ ಬಾಪ್ಟಿಸ್ಟ್ ಪ್ಯೂಸಾಂ, ಗುಣಮುಖರಾದ ರೋಗಿಗಳನ್ನೇ ವಾರ್ಡಿನ ಕೆಲಸಕ್ಕೆ ಇಟ್ಟುಕೊಂಡಿದ್ದ. ಅವರಿಗೆ ರೋಗಿಗಳ ಮೇಲೆ ಕರುಣೆ ಹೆಚ್ಚು, ಕೈ ಎತ್ತುವುದಿಲ್ಲ ಎನ್ನುವುದು ಅವನು ಕಂಡುಕೊಂಡ ಸತ್ಯ. ಆದರೆ ಇದೊಂದು ಹಕ್ಕಿನ ಮಾತಾಗಿ ಬೆಳೆದದ್ದು 1970ರ ದಶಕದಲ್ಲಿ. ಮನೋರೋಗ ಆಸ್ಪತ್ರೆಗಳಲ್ಲಿ ಇದ್ದು ಬಂದವರು ಸಂಘಟಿತರಾಗಿ, ನಮ್ಮ ಬಗ್ಗೆ ನಾವಿಲ್ಲದೆ ತೀರ್ಮಾನ ಮಾಡಬೇಡಿ ಎಂದು ಕೇಳಿದರು. ಸಂಬಳದ ವೃತ್ತಿಯಾದದ್ದು ಇನ್ನೂ ಆಮೇಲೆ. 1999ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯ ಪೀರ್ ಸಪೋರ್ಟ್ ಸೇವೆಗೆ ಮೆಡಿಕೇಡ್, ಅಂದರೆ ಕಡಿಮೆ ಆದಾಯದವರಿಗೆ ಇರುವ ಸರ್ಕಾರಿ ಆರೋಗ್ಯ ವಿಮೆಯ ಹಣ ಪಡೆದ ಮೊದಲ ರಾಜ್ಯವಾಯಿತು. 2007ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಎಲ್ಲ ರಾಜ್ಯಗಳಿಗೂ ಪತ್ರ ಬರೆದು ಹೀಗೆ ಹಣ ಕೊಡಲು ಮೂರು ಷರತ್ತು ಹಾಕಿತು: ತರಬೇತಿಯ ಜೊತೆ ಪ್ರಮಾಣಪತ್ರ ಇರಬೇಕು, ಮೇಲ್ವಿಚಾರಣೆ ಇರಬೇಕು, ಆ ವ್ಯಕ್ತಿಯ ಒಟ್ಟಾರೆ ಆರೈಕೆಯ ಯೋಜನೆಯೊಂದಿಗೆ ಕೆಲಸ ಹೊಂದಿಕೊಂಡಿರಬೇಕು. ನೀವು ಯಾವ ದೇಶದಲ್ಲಿ ಕಲಿತರೂ ಹೆಚ್ಚುಕಡಿಮೆ ಈ ಮೂರೇ ನಿಮ್ಮ ಮುಂದೆ ಬರುತ್ತವೆ.

ನಾನು ತಯಾರಿದ್ದೀನಾ?

ಪೂರ್ತಿ ವಾಸಿಯಾಗಿರಬೇಕು ಎಂದು ಯಾರೂ ಕೇಳುವುದಿಲ್ಲ. ಮಾತ್ರೆ ನುಂಗುತ್ತಿರುವುದು ಅಡ್ಡಿಯಲ್ಲ. ಇನ್ನೂ ದನಿಗಳು ಕೇಳಿಸುತ್ತವೆ ಎನ್ನುವವರೂ ಈ ಕೆಲಸವನ್ನು ಚೆನ್ನಾಗಿ ಮಾಡುತ್ತಾರೆ. ಎಷ್ಟು ವರ್ಷ ಆಸ್ಪತ್ರೆಗೆ ಸೇರಿಲ್ಲ ಎನ್ನುವ ಲೆಕ್ಕಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಬೇರೆ. ನಿಮ್ಮ ಆರೋಗ್ಯ ಕೆಡಲು ಶುರುವಾದಾಗ ಮೊದಲು ಕಾಣುವ ಲಕ್ಷಣ ಯಾವುದೆಂದು ನಿಮಗೆ ಗೊತ್ತಾ? ಕಂಡ ದಿನವೇ ಯಾರಿಗೆ ಹೇಳುತ್ತೀರಿ? ನನಗಾದರೆ ಮೂರು ರಾತ್ರಿ ನಾಲ್ಕು ಗಂಟೆ ನಿದ್ದೆಗೇ ಲವಲವಿಕೆ ಬಂತೆಂದರೆ ಅದು ಗಂಟೆ ಬಾರಿಸಿದ ಹಾಗೆ. ಮನೆಯವರಿಗೆ ತಿಳಿಸುತ್ತೇನೆ, ಡಾಕ್ಟರಿಗೆ ಫೋನ್ ಮಾಡುತ್ತೇನೆ.

ಇದನ್ನು ಬರಹದಲ್ಲಿ ಇಟ್ಟುಕೊಳ್ಳುವುದಕ್ಕೆ ವೆಲ್‌ನೆಸ್ ರಿಕವರಿ ಆಕ್ಷನ್ ಪ್ಲಾನ್ ಎಂಬ ಕ್ರಮ ಇದೆ. 1997ರಲ್ಲಿ ಮೇರಿ ಎಲೆನ್ ಕೋಪ್‌ಲ್ಯಾಂಡ್ ಮತ್ತು ಅವರ ಜೊತೆಗಿದ್ದ ಕಾಯಿಲೆಯ ಅನುಭವಿಗಳು ಸೇರಿ ರೂಪಿಸಿದ್ದು. ದಿನನಿತ್ಯ ನನ್ನನ್ನು ಚೆನ್ನಾಗಿಡುವುದು ಏನು, ಕೆದಕುವುದು ಏನು, ಮುನ್ಸೂಚನೆಗಳು ಯಾವುವು, ತೀರಾ ಬಿಗಡಾಯಿಸಿದರೆ ಯಾರು ಏನು ಮಾಡಬೇಕು, ಆಮೇಲೆ ಹೇಗೆ ಚೇತರಿಸಿಕೊಳ್ಳಬೇಕು ಎಂದು ನಾವೇ ಬರೆದಿಡುವ ಯೋಜನೆ ಅದು. ಅರ್ಜಿ ಹಾಕುವ ಮೊದಲೇ ನಿಮ್ಮದನ್ನು ಬರೆಯಿರಿ. ಎಷ್ಟೋ ತರಬೇತಿಗಳಲ್ಲಿ ಇದನ್ನು ಹೇಗಿದ್ದರೂ ಮಾಡಿಸುತ್ತಾರೆ. ಮುಖ್ಯವಾಗಿ, ನಾಳೆ ಇನ್ನೊಬ್ಬರಿಗೆ ಬರೆಯಲು ಜೊತೆಯಾಗುವಾಗ ಯಾವ ಪುಟದಲ್ಲಿ ಪೆನ್ನು ನಿಂತುಬಿಡುತ್ತದೆ ಎನ್ನುವುದು ನಿಮಗೆ ಸ್ವಂತವಾಗಿ ಗೊತ್ತಿರುತ್ತದೆ.

ನೋವು ಇನ್ನೂ ಹಸಿಯಾಗಿದ್ದರೆ, ಬೇರೆಯವರ ಮಾತು ಕೇಳಿ ರಾತ್ರಿಯೆಲ್ಲ ನಿದ್ದೆ ಬಾರದಿದ್ದರೆ, ಒಂದಷ್ಟು ಕಾಲ ಬೆಂಬಲ ಗುಂಪಿನಲ್ಲಿ ಸದಸ್ಯರಾಗಿಯೇ ಇರಿ. ಅದು ಹಿನ್ನಡೆಯಲ್ಲ. ಈ ಕೆಲಸದ ಅತ್ಯುತ್ತಮ ಪೂರ್ವತಯಾರಿ ಅದೇ ಎಂದು ನಾನು ನಂಬಿದ್ದೇನೆ.

ಕಥೆಯನ್ನು ಹದ ಮಾಡುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಮೊದಲು ನಿಮ್ಮ ಇಡೀ ಕಥೆಯನ್ನು ನಿಮಗಾಗಿ ಬರೆಯಿರಿ, ಯಾರಿಗೂ ತೋರಿಸಬೇಕಿಲ್ಲ. ಆಮೇಲೆ ಬಣ್ಣದ ಪೆನ್ನು ಹಿಡಿದು ಮೂರು ಗುರುತು ಹಾಕಿ: ಏನಾಯಿತು, ಯಾವುದು ಕೈಹಿಡಿಯಿತು, ಈಗ ನನ್ನನ್ನು ಕಾಪಾಡಿಕೊಳ್ಳಲು ಏನು ಮಾಡುತ್ತೇನೆ. ಬಹುತೇಕ ಎಲ್ಲರ ಹಾಳೆಯಲ್ಲೂ ಮೊದಲ ಬಣ್ಣವೇ ತುಂಬಿರುತ್ತದೆ. ಕೆಲಸಕ್ಕೆ ಬರುವ ಕಥೆಯಲ್ಲಿ ಅದು ಕಾಲು ಭಾಗ ಇದ್ದರೆ ಸಾಕು. ಕೈಹಿಡಿದದ್ದನ್ನು ಬಿಡಿಬಿಡಿಯಾಗಿ ಹೇಳಬೇಕು. 'ಕುಟುಂಬದ ಪ್ರೀತಿ' ಎಂದರೆ ಕೇಳುವವರಿಗೆ ಏನೂ ಸಿಗುವುದಿಲ್ಲ. 'ಪ್ರಶ್ನೆ ಕೇಳದೆ ದಿನಾ ಸಂಜೆ ನನ್ನ ಜೊತೆ ಬೀದಿಯ ಕೊನೆಯ ತನಕ ನಡೆದು ಬರುತ್ತಿದ್ದ ಅಣ್ಣ' ಎಂದರೆ ಸಿಗುತ್ತದೆ.

ಆಮೇಲೆ ಎರಡು ಅಳತೆಯಲ್ಲಿ ಸಿದ್ಧ ಮಾಡಿಕೊಳ್ಳಿ. ಗುಂಪಿನಲ್ಲಿ ಪರಿಚಯಕ್ಕೆ ಎರಡು ನಿಮಿಷದ್ದು, ತರಬೇತಿ ಅಥವಾ ಸಂದರ್ಶನಕ್ಕೆ ಹತ್ತು ನಿಮಿಷದ್ದು. ಇವೆರಡರ ಜೊತೆ ಒಂದು ಪಟ್ಟಿ: ಯಾವತ್ತೂ ಯಾರಿಗೂ ಕೆಲಸದಲ್ಲಿ ಹೇಳದ ಸಂಗತಿಗಳು. ನನಗೂ ಅಂಥ ಪಟ್ಟಿ ಇದೆ. ಸ್ವಹಾನಿಯ ವಿಧಾನದ ವಿವರ ಎಲ್ಲರ ಪಟ್ಟಿಯಲ್ಲೂ ಇರಲೇಬೇಕು, ಅದು ಕೇಳುವವರಿಗೆ ಅಪಾಯ. ನಿಮ್ಮ ಕಥೆಯಲ್ಲಿ ಬರುವ ಬೇರೆಯವರ ಗುಟ್ಟುಗಳೂ ಆ ಪಟ್ಟಿಗೇ ಸೇರಿದವು.

ಬಳಸುವುದು ಹೇಗೆ ಎನ್ನುವುದಕ್ಕೆ ಒಂದು ಸಂದರ್ಭ ಹೇಳುತ್ತೇನೆ. ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಹುಡುಗನೊಬ್ಬ ಕೇಳಿದ: "ಅಕ್ಕಾ, ಆಫೀಸಿಗೆ ವಾಪಸ್ ಹೋದರೆ ಎಲ್ಲರೂ ನನ್ನನ್ನೇ ನೋಡ್ತಾರೆ. ನಿಮಗೂ ಹಾಗೇ ಆಗಿತ್ತಾ?" ಇಲ್ಲಿ ಪೂರ್ತಿ ಕಥೆ ಬಿಚ್ಚಿದರೆ ಹತ್ತು ನಿಮಿಷದಲ್ಲಿ ಅವನೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ. 'ಏನೂ ಆಗಲ್ಲ, ಧೈರ್ಯವಾಗಿರಿ' ಎಂದರೆ ಅವನ ಬಾಯಿ ಮುಚ್ಚಿಸಿದ ಹಾಗೆ. ನಾನು ಹೇಳಿದ್ದು ಇಷ್ಟು: "ಆಗಿತ್ತು. ಮೊದಲ ದಿನ ಗೇಟಿನಲ್ಲೇ ಕಾಲು ಹಿಂದೆ ಸರಿದಿತ್ತು. ಜೊತೆಯಲ್ಲಿ ಕೆಲಸ ಮಾಡುವ ಒಬ್ಬರಿಗೆ ಹಿಂದಿನ ದಿನವೇ ಹೇಳಿಟ್ಟಿದ್ದೆ, ಅವರು ಅಲ್ಲಿ ಕಾಯ್ತಾ ಇದ್ದರು. ನಿಮ್ಮ ಆಫೀಸಿನಲ್ಲಿ ಯಾರ ಮುಖ ಕಂಡರೆ ನಿಮಗೆ ಸ್ವಲ್ಪ ಹಗುರ ಅನ್ನಿಸುತ್ತೆ?" ಅವನು ಸ್ವಲ್ಪ ಹೊತ್ತು ಯೋಚಿಸಿ ಒಂದು ಹೆಸರು ಹೇಳಿದ. ಅಲ್ಲಿಂದ ಮಾತು ಅವನದಾಯಿತು. ನನ್ನ ಕಥೆ ಅಲ್ಲಿ ಮೂರು ವಾಕ್ಯ ಇತ್ತು, ಕೊನೆಯ ವಾಕ್ಯ ಅವನಿಗೆ ಪ್ರಶ್ನೆಯಾಗಿತ್ತು. ಹೊಸಬರಿಗೆ ನಾನು ಇದನ್ನೇ ಮತ್ತೆ ಮತ್ತೆ ಅಭ್ಯಾಸ ಮಾಡಿಸುವುದು.

ತರಬೇತಿ, ಗಂಟೆಗಳು, ಅರ್ಜಿ

ನಿಯಮಗಳು ಒಂದೊಂದು ಕಡೆ ಒಂದೊಂದು ರೀತಿ. ಅಮೆರಿಕದಲ್ಲಿ ಪ್ರಮಾಣಪತ್ರ ಕೊಡುವುದು ಆಯಾ ರಾಜ್ಯ. ಮಾನಸಿಕ ಆರೋಗ್ಯ ಮತ್ತು ವ್ಯಸನದ ವಿಷಯ ನೋಡಿಕೊಳ್ಳುವ ಅಲ್ಲಿನ ಕೇಂದ್ರ ಸರ್ಕಾರದ ಸಂಸ್ಥೆ ಸಾಮ್ಸಾ 2023ರಲ್ಲಿ ಮಾದರಿ ಮಾನದಂಡ ಪ್ರಕಟಿಸಿ 40ರಿಂದ 60 ಗಂಟೆ ತರಬೇತಿ, 120 ಗಂಟೆ ಮೇಲ್ವಿಚಾರಣೆಯಲ್ಲಿ ಮಾಡಿದ ಕೆಲಸ ಇರಲಿ ಎಂದು ಶಿಫಾರಸು ಮಾಡಿತು. ಯುರೋಪಿನಲ್ಲಿ 2005ರಲ್ಲಿ ಯೋಜನೆಯಾಗಿ ಶುರುವಾದ ಎಕ್ಸ್-ಇನ್ ತರಬೇತಿ ಜರ್ಮನಿಯಲ್ಲಿ ಚೆನ್ನಾಗಿ ಬೇರೂರಿದೆ. ಅದು ಇನ್ನೂ ದೀರ್ಘವಾದದ್ದು, ಕಲಿಯುವವರು ತಮ್ಮ ಅನುಭವದ ಕಡತವನ್ನು ತಾವೇ ಕಟ್ಟಬೇಕು, ಸೇವಾಸಂಸ್ಥೆಗಳಲ್ಲಿ ಇಂಟರ್ನ್‌ಶಿಪ್ ಮಾಡಬೇಕು. ಗುಜರಾತಿನ ಸರ್ಕಾರಿ ಆಸ್ಪತ್ರೆಗಳಲ್ಲಿ, ರೋಗಿಗಳ ಹಕ್ಕು ಮತ್ತು ಆರೈಕೆಯ ಗುಣಮಟ್ಟ ಹೆಚ್ಚಿಸುವ ಕ್ವಾಲಿಟಿರೈಟ್ಸ್ ಯೋಜನೆ ನಡೆದಾಗ ಚೇತರಿಸಿಕೊಂಡವರೇ ತರಬೇತಿ ಪಡೆದು ಬೇರೆ ರೋಗಿಗಳಿಗೆ ಬೆಂಬಲವಾಗಿ ನಿಂತರು. ಔಪಚಾರಿಕ ಕೋರ್ಸ್ ಹತ್ತಿರದಲ್ಲಿ ಇಲ್ಲದವರು ವಿಶ್ವ ಆರೋಗ್ಯ ಸಂಸ್ಥೆಯ ಕ್ವಾಲಿಟಿರೈಟ್ಸ್ ಪುಸ್ತಿಕೆಗಳಿಂದ ಶುರುಮಾಡಬಹುದು. ಒಬ್ಬರಿಗೊಬ್ಬರು ಕೊಡುವ ಪೀರ್ ಸಪೋರ್ಟ್ ಬಗ್ಗೆ ಒಂದು, ಗುಂಪು ನಡೆಸುವ ಬಗ್ಗೆ ಇನ್ನೊಂದು 2019ರಲ್ಲಿ ಬಂದವು. ಉಚಿತವಾಗಿ ಇಳಿಸಿಕೊಳ್ಳಬಹುದು.

ಕೋರ್ಸ್ ಆಯ್ಕೆ ಮಾಡುವಾಗ ನಾನು ನೋಡಿ ಎನ್ನುವುದು ಇದು: ಪಾಠ ಮಾಡುವವರಲ್ಲಿ ಸ್ವಂತ ಅನುಭವ ಇರುವವರು ಎಷ್ಟು ಜನ? ಎಲ್ಲರೂ ಬರೀ ಮನೋವೈದ್ಯರೋ ಸಮಾಲೋಚಕರೋ ಆಗಿದ್ದರೆ ನೀವು ಕಲಿಯುವುದು ಅವರ ಕೆಲಸದ ಸಣ್ಣ ರೂಪವನ್ನು. ಪಾತ್ರಾಭಿನಯ ಮಾಡಿಸುತ್ತಾರಾ? ಬರೀ ವಿಡಿಯೊ ನೋಡಿ ಉತ್ತರ ಒತ್ತುವ ಕೋರ್ಸಿನಲ್ಲಿ ಮೌನವನ್ನು ಸಹಿಸುವುದು ಕಲಿಯಲು ಆಗುವುದಿಲ್ಲ. ಮತ್ತು ಹಣ ಕಟ್ಟುವ ಮೊದಲು, ನೀವು ಕೆಲಸ ಮಾಡಬೇಕೆಂದಿರುವ ಕಡೆ ಈ ಪ್ರಮಾಣಪತ್ರಕ್ಕೆ ಬೆಲೆ ಇದೆಯಾ ಎಂದು ಅಲ್ಲಿಗೇ ಕೇಳಿ, ಸಾಧ್ಯವಾದರೆ ಲಿಖಿತ ಉತ್ತರ ಪಡೆಯಿರಿ.

ಅರ್ಜಿಯಲ್ಲಿ ಸಾಮಾನ್ಯವಾಗಿ ಒಂದು ಪ್ರಬಂಧ ಕೇಳುತ್ತಾರೆ, ಜೊತೆಗೆ ಶಿಫಾರಸು ಪತ್ರಗಳು. ಪ್ರಬಂಧಕ್ಕೆ ಆ ಹತ್ತು ನಿಮಿಷದ ಕಥೆಯೇ ಸಾಕು. ಶಿಫಾರಸು ಪತ್ರವನ್ನು ನಿಮ್ಮ ಡಾಕ್ಟರಿಂದಲೇ ತರಬೇಕೆಂದು ಎಲ್ಲೂ ಬರೆದಿಲ್ಲದಿದ್ದರೆ ಅವರ ಹತ್ತಿರ ಹೋಗಬೇಡಿ. ನೀವು ಸ್ವಯಂಸೇವೆ ಮಾಡಿದ ಕಡೆಯವರು, ಬೆಂಬಲ ಗುಂಪಿನ ಮುಂದಾಳು, ಹಳೆಯ ಮೇಷ್ಟ್ರು ಇಂಥವರು ನಿಮ್ಮನ್ನು ರೋಗಿಯಾಗಿ ಅಲ್ಲ, ಕೆಲಸ ಮಾಡಬಲ್ಲ ಮನುಷ್ಯರಾಗಿ ನೋಡಿರುತ್ತಾರೆ.

ಪರೀಕ್ಷೆ

ಪರೀಕ್ಷೆ ಇರುವ ಕಡೆ ಹೆಚ್ಚಾಗಿ ಸನ್ನಿವೇಶ ಕೊಟ್ಟು ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ವ್ಯಾಖ್ಯೆಗಳು ಸ್ವಲ್ಪ ಬರುತ್ತವೆ. ಚೇತರಿಕೆಗೆ ಸಾಮ್ಸಾ 2012ರಲ್ಲಿ ಹೇಳಿದ ನಾಲ್ಕು ಆಧಾರ, ಅಂದರೆ ಆರೋಗ್ಯ, ಮನೆ, ಬದುಕಿಗೊಂದು ಉದ್ದೇಶ, ಸಮುದಾಯ, ಇಂಥವನ್ನು ಓದಿಕೊಳ್ಳಿ. ಸನ್ನಿವೇಶಗಳಿಗೆ ಅಭ್ಯಾಸ ಬೇಕು. ನಾನು ತರಗತಿಯಲ್ಲಿ ಕೊಡುವ ಒಂದು: ನೀವು ಬೆಂಬಲಿಸುತ್ತಿರುವ ಯುವತಿಯ ತಾಯಿ ಫೋನ್ ಮಾಡಿ, 'ಮಗಳು ನಿಮ್ಮ ಹತ್ತಿರ ಏನು ಹೇಳಿದಳು, ನನ್ನ ಹತ್ತಿರ ಮಾತೇ ಆಡ್ತಿಲ್ಲ' ಎಂದು ಅಳುತ್ತಾರೆ. ಹೇಳಿಬಿಡುತ್ತೀರಾ? ಫೋನ್ ಇಡುತ್ತೀರಾ? ಡಾಕ್ಟರನ್ನು ಕೇಳಿ ಎನ್ನುತ್ತೀರಾ? ತಾಯಿಯ ಸಂಕಟವನ್ನು ಪೂರ್ತಿ ಕೇಳಬೇಕು, ಮಗಳು ಹೇಳಿದ್ದನ್ನು ಅವಳ ಒಪ್ಪಿಗೆಯಿಲ್ಲದೆ ಹೇಳಲಾಗದು ಎಂದು ಮೆಲ್ಲಗೆ ತಿಳಿಸಬೇಕು, ಕುಟುಂಬದವರಿಗಾಗಿ ಇರುವ ಬೆಂಬಲ ಯಾವುದೆಂದು ಹೇಳಬೇಕು. ತಾಯಿ ಫೋನ್ ಮಾಡಿದ್ದರು ಎಂದು ಮಗಳಿಗೂ ತಿಳಿಸಬೇಕು, ಅವಳ ಬೆನ್ನ ಹಿಂದೆ ಏನೂ ನಡೆಯಬಾರದು. ಎರಡು ಉತ್ತರ ಒಂದೇ ಥರ ಸರಿ ಕಂಡರೆ, ನಿರ್ಧಾರವನ್ನು ಆ ವ್ಯಕ್ತಿಯ ಕೈಗೇ ಕೊಡುವ ಉತ್ತರ ಯಾವುದೆಂದು ನೋಡಿ. ಜೀವಕ್ಕೆ ಅಪಾಯವಿರುವ ಸನ್ನಿವೇಶ ಮಾತ್ರ ಇದಕ್ಕೆ ಹೊರತು.

ಆ ಅಪಾಯದ ಬಗ್ಗೆ ಎರಡು ಮಾತು, ಇದರಲ್ಲಿ ಸಡಿಲ ಬೇಡ. ಆತ್ಮಹತ್ಯೆಯ ಯೋಚನೆ ಇದೆಯಾ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಅಧ್ಯಯನಗಳು ಇದನ್ನು ಮತ್ತೆ ಮತ್ತೆ ತೋರಿಸಿವೆ. ಸುತ್ತಿ ಬಳಸದೆ ಕೇಳಿ. 'ಗೌಪ್ಯತೆಗೆ ಮಿತಿ ಇದೆ, ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಎನ್ನಿಸಿದರೆ ತಂಡಕ್ಕೆ ತಿಳಿಸುತ್ತೇನೆ' ಎನ್ನುವುದನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಿ. ಆಗ ತಿಳಿಸಬೇಕಾದ ಸಂದರ್ಭ ಬಂದರೂ ಅವರ ಎದುರಿಗೇ, ಸಾಧ್ಯವಾದರೆ ಅವರ ಜೊತೆಗೇ ಫೋನ್ ಮಾಡಬಹುದು.

ಮೇಲ್ವಿಚಾರಣೆಯ ಗಂಟೆಗಳು

ನಿಜವಾದ ಕಲಿಕೆ ಆಗುವುದು ಇಲ್ಲಿ. ಮೇಲ್ವಿಚಾರಕರು ನಿಮ್ಮ ರಜೆ ಮಂಜೂರು ಮಾಡುವವರಷ್ಟೇ ಆಗಿದ್ದರೆ ಸಾಲದು. ಯಾವ ಭೇಟಿ ನಿಮ್ಮನ್ನು ಕಲಕಿತು, ಎಲ್ಲಿ ಸಲಹೆ ಕೊಡುವ ಚಪಲ ಬಂತು, ಯಾರನ್ನು ಕಂಡರೆ ಕಾರಣವಿಲ್ಲದೆ ಸಿಟ್ಟು ಬರುತ್ತದೆ ಎನ್ನುವುದನ್ನು ಅಂಜದೆ ಹೇಳಿಕೊಳ್ಳುವ ಜಾಗ ಅದು. ಅವರು ಸ್ವತಃ ಪೀರ್ ಆಗಿ ಕೆಲಸ ಮಾಡಿದವರಾದರೆ ನಿಮ್ಮ ಭಾಗ್ಯ. ಇಲ್ಲದಿದ್ದರೆ ಹೊರಗಿನ ಹಿರಿಯ ಪೀರ್ ಒಬ್ಬರನ್ನು ತಿಂಗಳಿಗೊಮ್ಮೆಯಾದರೂ ಭೇಟಿಯಾಗಲು ಅನುವು ಮಾಡಿಕೊಡಿ ಎಂದು ಕೇಳಿ.

ಈ ದಿನಗಳಲ್ಲಿ ಕಡತ ಬರೆಯುವುದನ್ನು ಚೆನ್ನಾಗಿ ಕಲಿಯಿರಿ. ತಂಡದ ದಾಖಲೆಯಲ್ಲಿ 'ರೋಗಿ ಔಷಧಿಗೆ ಸಹಕರಿಸುತ್ತಿಲ್ಲ' ಎನ್ನುವ ಸಾಲು ಸುಲಭವಾಗಿ ಬಂದು ಕೂರುತ್ತದೆ, ಮುಂದಿನ ಎಷ್ಟೋ ವರ್ಷ ಆ ಮನುಷ್ಯನ ಹಿಂದೆಯೇ ಹೋಗುತ್ತದೆ. ಅದೇ ಭೇಟಿಯ ಬಗ್ಗೆ ನಾನು ಬರೆದದ್ದು: 'ಲಿಥಿಯಂ ಮಾತ್ರೆ ಶುರುವಾದಮೇಲೆ ಕೈ ನಡುಗುತ್ತದೆ, ಹೊಲಿಗೆ ಯಂತ್ರಕ್ಕೆ ದಾರ ಪೋಣಿಸಲು ಆಗುತ್ತಿಲ್ಲ, ಅದಕ್ಕೆ ಎರಡು ದಿನ ಬಿಟ್ಟೆ ಎಂದರು. ಶುಕ್ರವಾರ ಡಾಕ್ಟರ ಹತ್ತಿರ ತಾವೇ ಇದನ್ನು ಹೇಳಲು ಬಯಸುತ್ತಾರೆ, ನಾನು ಜೊತೆಗಿರಬೇಕೆಂದು ಕೇಳಿದ್ದಾರೆ.' ಬರೆದದ್ದನ್ನು ಅವರಿಗೇ ಓದಿ ಹೇಳಿದೆ. 'ಶುಕ್ರವಾರ ಅಲ್ಲ, ನಾಳೆನೇ ಹೋಗೋಣ' ಎಂದರು, ತಿದ್ದಿದೆ. ಲಿಥಿಯಂ ಹಠಾತ್ತನೆ ನಿಲ್ಲಿಸುವುದು ಅಪಾಯಕಾರಿ, ಡಾಕ್ಟರಿಗೆ ಬೇಗ ತಿಳಿಯಬೇಕಾದದ್ದೇ. ಆದರೆ ಬೈಸಿಕೊಳ್ಳುವ ಭಯವಿಲ್ಲದೆ ತಿಳಿಯಿತು.

ತಂಡದಲ್ಲಿ ಇನ್ನೊಂದು ಒತ್ತಡವೂ ಬರುತ್ತದೆ. 'ನಿಮ್ಮ ಹತ್ತಿರ ಎಲ್ಲ ಹೇಳ್ತಾರಲ್ಲ, ಮಾತ್ರೆ ನುಂಗ್ತಿದ್ದಾರಾ ನೋಡಿ ಹೇಳಿ' ಎನ್ನುತ್ತಾರೆ. ಒಳ್ಳೆಯ ಉದ್ದೇಶದಿಂದಲೇ ಕೇಳುತ್ತಾರೆ. ಒಪ್ಪಿದರೆ ಆ ದಿನದಿಂದ ನೀವು ಜೊತೆಗಾರರಲ್ಲ, ಕಾವಲುಗಾರರು. 'ಅವರನ್ನೇ ಕೇಳೋಣ, ಕೇಳುವಾಗ ನಾನೂ ಇರುತ್ತೇನೆ' ಎನ್ನಿ. ಅದಕ್ಕಾಗಿಯೇ ಕೆಲಸಕ್ಕೆ ಸೇರುವ ಮೊದಲು ನಿಮ್ಮ ಪಾತ್ರದ ವಿವರಣೆಯನ್ನು ಲಿಖಿತವಾಗಿ ಪಡೆಯಿರಿ, ಏನು ಮಾಡುವುದಿಲ್ಲ ಎನ್ನುವುದೂ ಅದರಲ್ಲಿರಲಿ.

ಗೆಳೆತನ ಮತ್ತು ಈ ಕೆಲಸದ ನಡುವಿನ ಗೆರೆ ತೆಳುವಾದದ್ದು. ಸಾಲ ಕೊಡುವುದಿಲ್ಲ, ಪಡೆಯುವುದಿಲ್ಲ. ಸ್ವಂತ ಫೋನ್ ನಂಬರ್ ಕೊಡುವ ಬಗ್ಗೆ ಸಂಸ್ಥೆಯ ನಿಯಮ ಏನಿದೆಯೋ ಅದರಂತೆ. ಪ್ರೇಮ ಸಂಬಂಧವಂತೂ ಸಲ್ಲದು.

ಕೆಲಸ ಹುಡುಕುವಾಗ

ಸಂದರ್ಶನದಲ್ಲಿ ನೀವೂ ಪ್ರಶ್ನೆ ಕೇಳಿ. ತಂಡದಲ್ಲಿ ಇನ್ನೊಬ್ಬ ಪೀರ್ ವರ್ಕರ್ ಇದ್ದಾರಾ? ಒಬ್ಬರೇ ಇರುವ ಕಡೆ ನಿಧಾನವಾಗಿ ಎಲ್ಲರ ಭಾಷೆಯೇ ನಮ್ಮ ಭಾಷೆಯಾಗಿಬಿಡುತ್ತದೆ. ತಂಡದ ಸಭೆಗೆ ನನ್ನನ್ನೂ ಕರೆಯುತ್ತೀರಾ? ಸಂಬಳ ಎಷ್ಟು, ಕಾಯಂ ಹುದ್ದೆಯಾ? 'ನಿಮಗೆ ಇದು ಸೇವೆಯಲ್ಲವೇ' ಎಂದು ಬಿಟ್ಟಿ ದುಡಿಸಿಕೊಳ್ಳುವವರಿದ್ದಾರೆ. ತರಬೇತಿ ಪಡೆದು ಪ್ರಮಾಣಪತ್ರ ತಂದವರಿಗೆ ಕೂಲಿ ಕೊಡುವುದು ಗೌರವದ ಮೊದಲ ಹೆಜ್ಜೆ, ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ, ನೀವೂ ಮಾಡಿಕೊಳ್ಳಬೇಡಿ.

ನೀವು ಚಿಕಿತ್ಸೆ ಪಡೆದ ಆಸ್ಪತ್ರೆಯಲ್ಲೇ ಕೆಲಸ ಸಿಕ್ಕರೆ, ನಿಮ್ಮ ಹಳೆಯ ಫೈಲನ್ನು ಸಹೋದ್ಯೋಗಿಗಳು ತೆರೆಯದಂತೆ ಬೀಗ ಹಾಕಿಸಿ ಎಂದು ಸೇರುವ ಮೊದಲೇ ಕೇಳಿ, ಮತ್ತೆ ಚಿಕಿತ್ಸೆ ಬೇಕಾದರೆ ಬೇರೆ ಎಲ್ಲಿಗೆ ಹೋಗುತ್ತೀರಿ ಎನ್ನುವುದನ್ನೂ ಗೊತ್ತುಮಾಡಿಕೊಳ್ಳಿ. ಆರೋಗ್ಯ ಕೆಟ್ಟರೆ ರಜೆಯ ವ್ಯವಸ್ಥೆ ಎಲ್ಲ ಸಿಬ್ಬಂದಿಗೆ ಇರುವ ಹಾಗೇ ನಿಮಗೂ ಇರಬೇಕು, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. ಪ್ರಮಾಣಪತ್ರವನ್ನು ಕಾಲಕಾಲಕ್ಕೆ ನವೀಕರಿಸಬೇಕಾಗುತ್ತದೆ, ಅದಕ್ಕೆ ಮುಂದುವರಿದ ಕಲಿಕೆಯ ಗಂಟೆಗಳು ಬೇಕು. ಹಾಜರಾದ ಪ್ರತಿ ಕಾರ್ಯಾಗಾರದ ಚೀಟಿಯನ್ನೂ ಮೊದಲ ದಿನದಿಂದಲೇ ಒಂದು ಫೈಲಿನಲ್ಲಿ ಹಾಕುತ್ತ ಹೋಗಿ, ಆ ಗಂಟೆಗಳ ಖರ್ಚನ್ನು ಸಂಸ್ಥೆಯೇ ಭರಿಸುತ್ತದಾ ಎನ್ನುವುದನ್ನೂ ಅದೇ ಸಂದರ್ಶನದಲ್ಲಿ ಕೇಳಿಬಿಡಿ.